ಶಿಯೂತ್ಸಾಯ್, ಜ್ಯೂರೆನ್, ಜಿನ್‌ಶಿ: ಬಿಎ, ಎಂಎ, ಡಾಕ್ಟರೇಟ್ ಅಂದರೆ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಚೀನೀ ಕತೆಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರಲು ಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಈಗ ನನಗೂ ಆಗಿದೆ. ಹಳೆಯ ಚೀನಾದ ಸರ್ಕಾರಿ ಪರೀಕ್ಷೆಗಳಲ್ಲಿ ಗೆದ್ದವರಿಗೆ ಇದ್ದ ಹೆಸರುಗಳದ್ದು ಆ ತೊಡಕು. ಮೂಲದಲ್ಲಿ ‘ಶಿಯೂತ್ಸಾಯ್’ ಇರುವ ಕಡೆ ಇಂಗ್ಲಿಷಿನವರು ಬಿಎ ಎಂದು ಹಾಕಿದ್ದಾರೆ. ‘ಜ್ಯೂರೆನ್’ಗೆ ಎಂಎ, ‘ಜಿನ್‌ಶಿ’ಗೆ ಡಾಕ್ಟರ್. 19ನೇ ಶತಮಾನದಲ್ಲಿ ಚೀನಾಕ್ಕೆ ಹೋದ ಪಾಶ್ಚಾತ್ಯರು ಬಳಕೆಗೆ ತಂದ ರೂಢಿ ಇದು. ಹಾಗೇ ಕನ್ನಡಕ್ಕೆ ಇಳಿಸಿದರೆ ‘ಆ ಊರಿನಲ್ಲಿ ಬಿಎ ಪಾಸಾದ ಒಬ್ಬ ಬಡ ಮೇಷ್ಟ್ರಿದ್ದರು’ ಎಂದಾಗುತ್ತದೆ. ಮಿಂಗ್ ಅರಸರ ಕಾಲದ (1368–1644) ಊರು ಅದು! ಓದುವವರು ನಗುತ್ತಾರೆ, ಅಲ್ವಾ?

ನಗುವುದಷ್ಟೇ ಆಗಿದ್ದರೆ ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಅರ್ಥವೇ ಕೆಡುತ್ತದೆ ಅನ್ನುವುದು ನನ್ನ ತಕರಾರು.

ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಸರ್ಕಾರಿ ಅಧಿಕಾರಿಗಳನ್ನು ಆರಿಸಲು ಚೀನಾದಲ್ಲಿ ನಡೆಯುತ್ತಿದ್ದ ಪರೀಕ್ಷೆಗಳಿವು. ಸುಯಿ ಅರಸರ ಕಾಲದಲ್ಲಿ (581–618) ಶುರುವಾಗಿ 1905ರಲ್ಲಿ ನಿಂತುಹೋದವು. ಮಿಂಗ್ ಮತ್ತು ಚಿಂಗ್ ಕಾಲದ ಲೆಕ್ಕದಲ್ಲಿ, ತನ್ನ ಜಿಲ್ಲೆಯ ಮಟ್ಟದ ಪರೀಕ್ಷೆಗಳನ್ನು ದಾಟಿದವನು ಶಿಯೂತ್ಸಾಯ್. ಮೂರು ವರ್ಷಕ್ಕೊಮ್ಮೆ ಪ್ರಾಂತದ ರಾಜಧಾನಿಯಲ್ಲಿ ನಡೆಯುವ ಪರೀಕ್ಷೆಯಲ್ಲಿ ಗೆದ್ದವನು ಜ್ಯೂರೆನ್. ಬೀಜಿಂಗಿನಲ್ಲಿ ಗೆದ್ದು, ಅರಮನೆಯ ಪರೀಕ್ಷೆಯನ್ನೂ ಮುಗಿಸಿದವನು ಜಿನ್‌ಶಿ. ಆ ಜಿನ್‌ಶಿಗಳಲ್ಲಿ ಮೊದಲನೆಯವನು ಜುವಾಂಗ್‌ಯ್ವಾನ್.

ಮೂರು ಮೆಟ್ಟಿಲು ಇಲ್ಲೂ ಇವೆ, ಅಲ್ಲೂ ಇವೆ. ಹೋಲಿಕೆ ಅಲ್ಲಿಗೇ ಮುಗಿಯಿತು. ಬಿಎ ಅಂದರೆ ಇಷ್ಟು ವರ್ಷ ಓದಿ, ಇಷ್ಟು ವಿಷಯದಲ್ಲಿ ಪಾಸಾಗಿದ್ದಾನೆ ಎಂದು. ಐನೂರು ಜನ ಪಾಸಾದರೆ ಐನೂರು ಜನಕ್ಕೂ ಬಿಎ ಕೊಡುತ್ತಾರೆ. ಅಲ್ಲಿ ಹಾಗಲ್ಲ. ಯಾವ ಜಿಲ್ಲೆಗೆ ಎಷ್ಟು ಶಿಯೂತ್ಸಾಯ್, ಯಾವ ಪ್ರಾಂತಕ್ಕೆ ಎಷ್ಟು ಜ್ಯೂರೆನ್ ಎಂದು ಮೊದಲೇ ಗೊತ್ತಾಗಿರುತ್ತಿತ್ತು. ನಾನ್‌ಜಿಂಗಿನ ಪರೀಕ್ಷಾ ಆವರಣದಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಗೂಡುಗಳಿದ್ದವು. ಗೂಡು ಅಂದರೆ ಗೂಡೇ. ಮೂರು ಕಡೆ ಗೋಡೆ, ಒಳಗೆ ಎರಡು ಹಲಗೆ. ಹಗಲು ಒಂದು ಹಲಗೆಯ ಮೇಲೆ ಕೂತು, ಇನ್ನೊಂದರ ಮೇಲೆ ಬರೆಯಬೇಕು. ರಾತ್ರಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕಾಲು ಮಡಚಿ ಮಲಗಬೇಕು. ಇಂಥದು ಒಂದಲ್ಲ, ಮೂರು ಸುತ್ತು. ಬರೆದದ್ದು ಕಪ್ಪು ಮಸಿಯಲ್ಲಿ. ಅದನ್ನು ಗುಮಾಸ್ತರು ಕೆಂಪು ಮಸಿಯಲ್ಲಿ ನಕಲು ತೆಗೆಯುತ್ತಿದ್ದರು. ಮೌಲ್ಯಮಾಪಕರ ಕೈಗೆ ಹೋಗುತ್ತಿದ್ದುದು ಆ ನಕಲು ಮಾತ್ರ. ಯಾರ ಅಕ್ಷರ ಎಂದು ಗುರುತು ಸಿಗಬಾರದಲ್ಲ! ನಮ್ಮ ವಿಶ್ವವಿದ್ಯಾಲಯಗಳು ಉತ್ತರಪತ್ರಿಕೆಯ ಹೆಸರು ಮುಚ್ಚಲು ಮಾಡುವ ಕೋಡಿಂಗ್ ಇದರ ಮುಂದೆ ಏನೂ ಅಲ್ಲ.

ಅಷ್ಟು ಜನರಲ್ಲಿ ಗೆಲ್ಲುತ್ತಿದ್ದವರು ಬೆರಳೆಣಿಕೆಯಷ್ಟು. ಪು ಸೊಂಗ್‌ಲಿಂಗ್ ಅವರನ್ನೇ ನೋಡಿ. ದೆವ್ವ, ನರಿಗಳ ಕತೆ ಬರೆದು ಹೆಸರಾದವರು. 1658ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಕೆಳಗಿನ ಪರೀಕ್ಷೆಗಳಲ್ಲಿ ಮೊದಲನೆಯವರಾಗಿ ಶಿಯೂತ್ಸಾಯ್ ಆದರು. ಮುಂದೆ ಎಷ್ಟು ಸಲ ಕೂತರೂ ಜ್ಯೂರೆನ್ ಆಗಲಿಲ್ಲ. ಬದುಕೆಲ್ಲ ಉಳ್ಳವರ ಮನೆಯಲ್ಲಿ ಪಾಠ ಹೇಳಿಕೊಂಡು ಕಳೆದರು. ಇವರನ್ನು ‘ಎಂಎ ಫೇಲಾದ ಬಿಎ’ ಅಂದರೆ ಓದುಗರಿಗೆ ದಡ್ಡರಂತೆ ಕಾಣುತ್ತಾರೆ. ಅದು ಅನ್ಯಾಯ.

ಇನ್ನೊಂದು ವಿಷಯ. ಶಿಯೂತ್ಸಾಯ್ ಆದವನಿಗೆ ಊರಿನಲ್ಲಿ ಸ್ಥಾನವೇ ಬೇರೆ. ಬಿಟ್ಟಿ ದುಡಿಮೆಗೆ ಕರೆಯುವಂತಿಲ್ಲ. ಜಿಲ್ಲಾಧಿಕಾರಿಯ ಮುಂದೆ ಅವನು ಮಂಡಿಯೂರಬೇಕಿಲ್ಲ. ತಪ್ಪು ಮಾಡಿದರೂ, ಮೊದಲು ಆ ಸ್ಥಾನ ಕಿತ್ತುಕೊಂಡು ಆಮೇಲೆ ಹೊಡೆಸಬೇಕು. ಹಾಗಂತ ನಿಶ್ಚಿಂತೆಯಾಗಿ ಇರುವ ಹಾಗೂ ಇಲ್ಲ. ಆಗಾಗ ಮತ್ತೆ ಪರೀಕ್ಷೆಗೆ ಕೂರಬೇಕು, ತೀರಾ ಕಳಪೆಯಾಗಿ ಬರೆದರೆ ಸ್ಥಾನವೇ ಹೋಗಬಹುದು. ನಮ್ಮ ಬಿಎ ಸರ್ಟಿಫಿಕೇಟನ್ನು ಯಾರಾದರೂ ಹೀಗೆ ವಾಪಸ್ ಕೇಳುತ್ತಾರೆಯೇ?

ಐಎಎಸ್ ಪರೀಕ್ಷೆಗೆ ಹೋಲಿಸಿದರೆ ಹೇಗೆ ಎಂದು ಕೆಲವರು ಕೇಳಬಹುದು. ಪದವಿಗಿಂತ ಅದು ಹತ್ತಿರ, ಒಪ್ಪುತ್ತೇನೆ. 1855ರಲ್ಲಿ ಲಂಡನ್ನಿನಲ್ಲಿ ಶುರುವಾದ ಐಸಿಎಸ್ ಸ್ಪರ್ಧಾ ಪರೀಕ್ಷೆಗೆ ಚೀನಾದ ಪದ್ಧತಿಯೂ ಒಂದು ಪ್ರೇರಣೆ ಎನ್ನುವ ಇತಿಹಾಸಕಾರರಿದ್ದಾರೆ. ಆದರೆ ಪ್ರಿಲಿಮ್ಸ್ ಪಾಸಾಗಿ ಮೇನ್ಸ್‌ನಲ್ಲಿ ಸೋತವನಿಗೆ ನಮ್ಮಲ್ಲಿ ಏನೂ ಸಿಗುವುದಿಲ್ಲ. ಅಲ್ಲಿ ಶಿಯೂತ್ಸಾಯ್ ಅನ್ನುವುದು ಹೆಸರಿನ ಜೊತೆಗೇ ಉಳಿಯುತ್ತಿತ್ತು.

ನನ್ನ ವಾದಕ್ಕೆ ಎದುರಾಗಿ ಹೇಳಬೇಕಾದದ್ದೂ ಇದೆ. ಪದವಿಗೂ ಈ ಸ್ಥಾನಗಳಿಗೂ ಗಂಟು ಹಾಕಿದವರು ಹೊರಗಿನವರು ಮಾತ್ರ ಅಲ್ಲ. ಪರೀಕ್ಷೆ ನಿಂತ ಮೇಲೆ ಚಿಂಗ್ ಸರ್ಕಾರವೇ ಹೊರದೇಶದಲ್ಲಿ ಓದಿ ಬಂದವರಿಗೆ ಜಿನ್‌ಶಿ, ಜ್ಯೂರೆನ್ ಕೊಟ್ಟಿತು. 1881ರಲ್ಲಿ ಯೇಲ್‌ನಲ್ಲಿ ಓದು ಮುಗಿಸಿ, ಮುಂದೆ ಬೀಜಿಂಗ್–ಝಾಂಗ್‌ಜಿಯಾಕೊ ರೈಲುದಾರಿ ಕಟ್ಟಿದ ಝಾನ್ ತಿಯಾನ್‌ಯೂ ‘ಎಂಜಿನಿಯರಿಂಗ್ ಜಿನ್‌ಶಿ’ ಆದರು. ಪಾಶ್ಚಾತ್ಯ ಗ್ರಂಥಗಳನ್ನು ಚೀನೀಗೆ ತಂದ ಯಾನ್ ಫು ಹಳೆಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತಿದ್ದರು. ಅವರಿಗೂ ಕೊನೆಗೆ ಜಿನ್‌ಶಿ ಸಿಕ್ಕಿತು, ಪರೀಕ್ಷೆಯೇ ಇಲ್ಲದ ಕಾಲದಲ್ಲಿ!

ವಿಯೆಟ್ನಾಮಿನಲ್ಲಂತೂ ಇವತ್ತಿಗೂ ಪಿಎಚ್‌ಡಿಗೆ ‘ತಿಯೆನ್ ಸೀ’ ಅನ್ನುತ್ತಾರೆ. ಜಿನ್‌ಶಿಯ ವಿಯೆಟ್ನಾಮೀ ಉಚ್ಚಾರ ಅದು. ಹನೋಯಿಯ ಸಾಹಿತ್ಯ ದೇಗುಲದಲ್ಲಿ ಹಳೆಯ ತಿಯೆನ್ ಸೀಗಳ ಹೆಸರು ಕೆತ್ತಿದ 82 ಕಲ್ಲುಗಳು ಆಮೆಗಳ ಬೆನ್ನ ಮೇಲೆ ನಿಂತಿವೆ. ಆದರೆ ಅಲ್ಲಿ ಜ್ಯೂರೆನ್ ಅಂದರೆ ಬಿಎ ಮಟ್ಟ! ಇಂಗ್ಲಿಷಿನವರಿಗೆ ಅದೇ ಎಂಎ. ಯಾರನ್ನು ನಂಬುವುದು?

ಚೀನಾದವರು ಈ ಮೂರನ್ನೂ ಬಿಟ್ಟರು. ಈಗಿನ ಪಿಎಚ್‌ಡಿಗೆ ಅವರು ‘ಬೋಶಿ’ ಅನ್ನುತ್ತಾರೆ, ಅದು ಹಾನ್ ಕಾಲದಲ್ಲಿ ಆಸ್ಥಾನದ ಒಂದು ಹುದ್ದೆ. ಬಿಎಗೆ ‘ಶುವೇಶಿ’. ಹಿಂದೆ ಚಕ್ರವರ್ತಿಯ ಆಜ್ಞೆಗಳನ್ನು ಬರೆಯುತ್ತಿದ್ದ ದೊಡ್ಡವರಿಗೆ ಆ ಹೆಸರಿತ್ತು. ಕವಿ ಸು ಶಿ ಅವರನ್ನು ‘ಸು ಶುವೇಶಿ’ ಎಂದೇ ಕರೆಯುತ್ತಿದ್ದರು. ಇವತ್ತಿನ ಅರ್ಥ ಹಚ್ಚಿದರೆ ಬರೀ ಬಿಎ!

ಇನ್ನು ಕನ್ನಡಕ್ಕೆ ಬರೋಣ. ಸಾಹಿತ್ಯ ಪರಿಷತ್ತಿನ ಪರೀಕ್ಷೆಗಳ ಕಾವ, ಜಾಣ, ರತ್ನ ನೆನಪಾದವು. ಹೆಸರೇನೋ ಚೆಂದ, ಆದರೆ ಓದುಗರ ಮನಸ್ಸು ನೇರ ಪರಿಷತ್ತು ಇರುವ ಚಾಮರಾಜಪೇಟೆಗೆ ಹೋಗುತ್ತದೆ. ‘ವಿದ್ವಾನ್’ ಅಂದರೆ ಸಂಗೀತದವರೋ ಸಂಸ್ಕೃತದವರೋ ಅನ್ನಿಸುತ್ತದೆ. ನನಗೆ ಹಿಡಿಸಿದ್ದು ‘ಪದವಿ’ಯೇ. ಬಿಎ ಪದವಿಯ ಪದವಿ ಅಲ್ಲ, ಮಂತ್ರಿ ಪದವಿಯ ಪದವಿ. ‘ಜ್ಯೂರೆನ್ ಪದವಿ ಸಿಕ್ಕಿತು’ ಅಂದರೆ ಸ್ಥಾನ, ಮರ್ಯಾದೆ ಎಲ್ಲವೂ ಬರುತ್ತದೆ. ‘ಪದವೀಧರ’ ಅಂದರೆ ಮಾತ್ರ ಕೆಟ್ಟಿತು, ಆ ಪದಕ್ಕೆ ಕಾಲೇಜಿನ ವಾಸನೆ ಜಾಸ್ತಿ. ಹೀಗಾಗಿ ಚೀನೀ ಹೆಸರನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ‘ಪ್ರಾಂತದ ಪರೀಕ್ಷೆ ಗೆದ್ದವನು’ ಎಂದು ವಾಕ್ಯದಲ್ಲೇ ಸೇರಿಸಿಬಿಡುವುದು ಎಂದುಕೊಂಡಿದ್ದೇನೆ. ಜುವಾಂಗ್‌ಯ್ವಾನ್‌ಗೆ ‘ಮೊದಲ ರ‍್ಯಾಂಕ್’ ನಡೆಯುತ್ತದೆ. ಅರಮನೆಯ ಪರೀಕ್ಷೆ ಇದ್ದದ್ದೇ ರ‍್ಯಾಂಕ್ ಹಚ್ಚುವುದಕ್ಕೆ.

ಕ್ರಿಯಾಪದದ ಹತ್ತಿರ ಮಾತ್ರ ನಿಂತಿದ್ದೇನೆ. ಚೀನೀಯಲ್ಲಿ ಇದಕ್ಕೆ ಬಳಸುವ ‘ಝೊಂಗ್’ ಅಂದರೆ ಗುರಿಗೆ ತಾಗುವುದು. ಓದಿನ ಜೊತೆ ಅದೃಷ್ಟವೂ ಬೇಕು ಅನ್ನುವ ಛಾಯೆ ಅದರಲ್ಲಿದೆ. ‘ಜ್ಯೂರೆನ್ ಪಾಸಾದ’ ಅಂದರೆ ಸಪ್ಪೆ. ‘ಗಿಟ್ಟಿಸಿದ’ ಅಂದರೆ ಏನೋ ವಶೀಲಿ ಮಾಡಿದ ಹಾಗೆ ಕೇಳುತ್ತದೆ. ‘ಗೆದ್ದ’ ಪರವಾಗಿಲ್ಲ, ಆದರೆ ಅದೃಷ್ಟದ ಮಾತು ಅದರಲ್ಲಿ ಬರುವುದಿಲ್ಲ. ನಿಮ್ಮ ಊರ ಕಡೆ ಇದಕ್ಕೆ ಒಪ್ಪುವ ಮಾತು ಯಾವುದಾದರೂ ಇದ್ದರೆ ತಿಳಿಸುತ್ತೀರಾ?