ಸೊಸೈಟಿ ಬೇಲಿಯಲ್ಲಿ ಕೆಂಬೂತದ ಗೂಡು: ಪ್ರಶ್ನೋತ್ತರ

ಪ್ರಶ್ನೆ (ಬಾಣೇರ್, ಪುಣೆ): ಮೇಡಂ, ನಮಸ್ಕಾರ್ರಿ. ನಮ್ಮ ಸೊಸೈಟಿ ಕಂಪೌಂಡಿನ ಬೋಗನ್‌ವಿಲ್ಲಾ ಪೊದಿಯೊಳಗ ಕೆಂಬೂತ, ಇಲ್ಲಿಯವರು ಭಾರದ್ವಾಜ ಅಂತಾರ, ದಿನಾ ಎಲಿ ಕಚ್ಕೊಂಡು ಹೋಗ್ಲಿಕತ್ತದ. ಮುಂದಿನ ವಾರ ಮಾಳಿ ಪೊದಿ ಕತ್ತರಿಸೋನಿದ್ದಾನ. ಕೋಗಿಲೆ ಜಾತಿ ಅಲ್ಲೇನ್ರಿ ಇದು? ಕಾಗಿ ಗೂಡಿನ್ಯಾಗ ಮೊಟ್ಟಿ ಇಡೂದಿಲ್ಲೇನು?

ಉತ್ತರ: ದಯವಿಟ್ಟು ತೋಟದ ಮಾಳಿಯವನಿಗೆ ಇವತ್ತೇ ಹೇಳಿ ಕೆಲಸ ನಿಲ್ಲಿಸಿ. ಕೆಂಬೂತ ಕೋಗಿಲೆಯ ಕುಟುಂಬದ್ದೇ ಆದರೂ ಗೂಡು ತಾನೇ ಕಟ್ಟುತ್ತದೆ, ಮರಿಗಳನ್ನೂ ತಾನೇ ಸಾಕುತ್ತದೆ. ಎಲೆ, ಹುಲ್ಲು, ಕಡ್ಡಿ ಸೇರಿಸಿದ ದೊಡ್ಡ ಉಂಡೆಯಂಥ ಗೂಡು, ಬಾಯಿ ಪಕ್ಕಕ್ಕೆ. ಕಟ್ಟುವ ಕೆಲಸ ಹೆಚ್ಚಾಗಿ ಗಂಡಿನದು. ಮೊಟ್ಟೆ ಸಾಮಾನ್ಯವಾಗಿ 3ರಿಂದ 5. ಸುಣ್ಣದಂತೆ ಬಿಳಿ, ಇಟ್ಟ ಹೊಸದರಲ್ಲಿ ಹಳದಿ ಹೊಳಪಿರುತ್ತದೆ, ಬರಬರುತ್ತ ಅದು ಸವೆದುಹೋಗುತ್ತದೆ. ಕಾವು 15–16 ದಿನ, ಮರಿ ಗೂಡು ಬಿಡಲು ಇನ್ನೂ 18–22 ದಿನ. ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ, ಗೂಡು ಕಟ್ಟುವುದಕ್ಕೂ ದಿನ ಬೇಕು. ಹಾಗಾಗಿ ಎಲೆ ಒಯ್ಯುವುದು ಕಂಡಾಗಿನಿಂದ ಎರಡು ತಿಂಗಳು ಆ ಪೊದೆ ಮುಟ್ಟಬೇಡಿ.

ಕೊಂಬೆ ಸರಿಸಿ ಇಣುಕುವುದೂ ಬೇಡ. ನೀವು ಬಗ್ಗಿಸಿದ ಸಂದಿಯಿಂದಲೇ ಕಾಡುಕಾಗೆ ಒಳಗೆ ನುಗ್ಗಿ ಮೊಟ್ಟೆ ತಿನ್ನುತ್ತದೆ. ಹದಿನೈದು ಇಪ್ಪತ್ತು ಮೀಟರ್ ದೂರ ನಿಂತರೆ ಹಕ್ಕಿ ಹೋಗಿ ಬರುವುದು ಚೆನ್ನಾಗಿ ಕಾಣುತ್ತದೆ.

ಅವರದೇ ಮರುಪ್ರಶ್ನೆ: ಹಂಗಾದ್ರ ಯಾವಾಗ ಕತ್ತರಿಸೋದ್ರಿ? ಕಮಿಟಿಯವರು ಕೇಳ್ತಾರ.

ಉತ್ತರ: ನಮ್ಮ ಕಡೆ ಮಳೆ ಹಿಡಿದ ಮೇಲೆ ಗೂಡು ಕಟ್ಟುವುದು ಜಾಸ್ತಿ. ನವೆಂಬರಿನಿಂದ ಫೆಬ್ರವರಿಯೊಳಗೆ ಕತ್ತರಿಸಿ, ಅದೂ ಮೊದಲು ಗೂಡಿಲ್ಲವೆಂದು ನೋಡಿಕೊಂಡು. ಇಡೀ ಬೇಲಿಯನ್ನು ಒಂದೇ ವರ್ಷ ಬೋಳಿಸಬೇಡಿ. ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು. ಮೇಲ್ಭಾಗ ಎಷ್ಟು ಬೇಕಾದರೂ ಸಮ ಮಾಡಿ, ಬುಡದ ಒಂದೂವರೆ ಮೀಟರ್ ದಟ್ಟವಾಗಿಯೇ ಇರಲಿ. ಸೊಸೈಟಿಗಳಲ್ಲಿ ಆಗುವುದು ಇದರ ತಿರುವುಮುರುವು: ಕೆಳಗೆಲ್ಲ ಸವರಿ ಹುಲ್ಲುಹಾಸು ಹಾಕುತ್ತಾರೆ, ಮರ ಉಳಿಸಿದೆವೆಂದು ಸಮಾಧಾನಪಡುತ್ತಾರೆ. ಈ ಹಕ್ಕಿಗೆ ಹಾರಾಟ ಅಷ್ಟಕ್ಕಷ್ಟೆ. ನೆಲದ ಮೇಲೆ ನಡೆದು ಮೇಯುತ್ತದೆ, ಗಾಬರಿಯಾದರೆ ಪೊದೆಗೆ ನುಸುಳುತ್ತದೆ. ಪೊದೆಯೇ ಇಲ್ಲದಿದ್ದರೆ ಎಷ್ಟು ಮರಗಳಿದ್ದರೂ ಅದು ನಿಲ್ಲುವುದಿಲ್ಲ. ಒಂದು ಜೋಡಿಗೆ ಕೆಲವು ಹೆಕ್ಟೇರ್ ಜಾಗ ಬೇಕಾಗುವುದರಿಂದ ನಿಮ್ಮ ಬೇಲಿಯೊಂದೇ ಸಾಲದು. ನಿಮ್ಮ ಬಾಣೇರಿನಲ್ಲಿ ಹರಿಯುವ ರಾಮನದಿ ದಂಡೆಯ ಕುರುಚಲೂ ಉಳಿಯಬೇಕು. ಪಕ್ಕದ ಸೊಸೈಟಿಯವರನ್ನೂ ಮಾತಿಗೆ ಕರೆಯಿರಿ.

ಪ್ರಶ್ನೆ (ಮುಲುಂಡ್, ಮುಂಬಯಿ): ಸರಿಯಾಗಿ ಹಾರಲು ಬಾರದ ಕೆಂಬೂತದ ಮರಿ ಬೇಲಿ ಬುಡದಲ್ಲಿ ಕೂತಿದೆ. ಮನೆಗೆ ತರಬಹುದಾ?

ಉತ್ತರ: ಮೈತುಂಬ ಗರಿ ಇದ್ದು ಕೊಂಬೆ ಹತ್ತುತ್ತಿದ್ದರೆ ಅದು ಬಿದ್ದ ಮರಿಯಲ್ಲ, ಗೂಡು ಬಿಟ್ಟ ಮರಿ. ನಾಯಿ ಬೆಕ್ಕುಗಳನ್ನು ಕಟ್ಟಿಹಾಕಿ, ನೀವೂ ದೂರ ಸರಿಯಿರಿ. ತಾಯಿತಂದೆ ಬಂದು ತಿನ್ನಿಸುತ್ತವೆ. ದಾರಿಗೆ ಬಂದಿದ್ದರೆ ಮಾತ್ರ ಬಟ್ಟೆಯಲ್ಲಿ ಹಿಡಿದು ಹತ್ತಿರದ ಪೊದೆಯೊಳಗೆ ಬಿಡಿ. ಚರ್ಮ ಕಪ್ಪಗಿದ್ದು ಮೈಮೇಲೆ ಕೂದಲಿನಂಥ ಬಿಳಿ ಎಳೆಗಳಷ್ಟೇ ಇದ್ದರೆ ಅದು ಎಳೆಮರಿ. ಗೂಡು ಕಂಡರೆ ಅದರಲ್ಲಿಡಿ, ಇಲ್ಲವೇ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಬೆಚ್ಚಗಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಹಾಲು, ಬ್ರೆಡ್ಡು ಕೂಡ ಬೇಡ.

ಪ್ರಶ್ನೆ (ಪೋಂಡಾ, ಗೋವಾ): ನಮ್ಮ ಕುಳಾಗರದಲ್ಲಿ (ಅಡಿಕೆ ತೋಟದಲ್ಲಿ) ಬಸವನಹುಳ ವಿಪರೀತ, ಗುಳಿಗೆ ಹಾಕಬೇಕೆಂದಿದ್ದೇವೆ. ಕೆಂಬೂತಕ್ಕೆ ತೊಂದರೆಯೇ? ಇನ್ನೊಂದು, ಅದರ ಗೂಡಿನಲ್ಲಿ ಸಂಜೀವಿನಿ ಕಡ್ಡಿ ಇರುತ್ತದೆಂದು ಕೆಲಸದವರು ಹುಡುಕುತ್ತಿದ್ದಾರೆ.

ಉತ್ತರ: ಬಸವನಹುಳ ಕೆಂಬೂತದ ಮುಖ್ಯ ಆಹಾರಗಳಲ್ಲೊಂದು, ಜೊತೆಗೆ ಮಿಡತೆ, ಹಲ್ಲಿ, ಇಲಿಮರಿ, ಸಣ್ಣ ಹಾವು, ಬೇರೆ ಹಕ್ಕಿಗಳ ಮೊಟ್ಟೆಗಳನ್ನೂ ತಿನ್ನುತ್ತದೆ. ಬಸವನಹುಳ ಕೊಲ್ಲಲು ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಹಕ್ಕಿಗೂ ನಾಯಿಗೂ ವಿಷ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯ ಎಲೆ ಇಡಿ. ಬೆಳಿಗ್ಗೆ ಅಡಿಯಲ್ಲಿ ಸೇರಿದ ಹುಳಗಳನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪುನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಇಲಿ ಪಾಷಾಣದಲ್ಲೂ ಅದೇ ಅಪಾಯ, ವಿಷ ತಿಂದ ಇಲಿಯನ್ನು ಹಕ್ಕಿ ತಿನ್ನುತ್ತದೆ.

ಸಂಜೀವಿನಿ ಕಡ್ಡಿ ಶುದ್ಧ ಸುಳ್ಳು. ಗೂಡಿನಲ್ಲಿರುವುದು ಸುತ್ತಲಿನ ಗಿಡಗಳದೇ ಎಲೆ, ಕಡ್ಡಿ. ಮರಿಯನ್ನು ಬಿಡಿಸಲು ತಾಯಿತಂದೆ ಆ ಕಡ್ಡಿ ತರುತ್ತವೆಂದು ನಂಬಿ ಮರಿಯ ಕಾಲಿಗೆ ತಂತಿ ಕಟ್ಟುವವರೂ ಇದ್ದಾರೆ; ಮರಿ ಬೆಳೆದಂತೆ ತಂತಿ ಕೊರೆದು ಕಾಲು ಕೊಳೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಟ್ಟೆ, ಗೂಡಿಗೆ ಕೈ ಹಾಕುವುದೂ ಬೇಟೆಯೆಂದೇ ಎಣಿಕೆ. ಕೆಲಸದವರಿಗೆ ಇದನ್ನು ಸ್ಪಷ್ಟವಾಗಿ ಹೇಳಿ, ಮಳೆಗಾಲ ಮುಗಿಯುವವರೆಗೆ ಆ ಪೊದೆಯ ಕಡೆ ಯಾರನ್ನೂ ಬಿಡಬೇಡಿ.