ಪದಚರ್ಚೆ: ಮಕ್ಕಳ ಉಸಿರಾಟ ಕೆಡಿಸುವ ಎಂಟೆರೋವೈರಸ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಕ್ಕಳ ವಾರ್ಡಿನ ಹೊರಗೆ ಹಾಕುವ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವಿಷಯ ಎಂಟೆರೋವೈರಸ್ ಡಿ68. ‘ಕರುಳಿನ ವೈರಾಣು’ ಎಂದು ಬರೆದು ನೋಡಿದೆ. ಓದಿದವರು ವಾಂತಿಭೇದಿಯ ಕಾಯಿಲೆ ಎಂದುಕೊಳ್ಳುತ್ತಾರೆ. ಇನ್ನೊಂದು ತೊಡಕು: ‘ಸಿವಿಯರ್’, ‘ಅಕ್ಯೂಟ್’ ಎರಡಕ್ಕೂ ನಾವು ‘ತೀವ್ರ’ ಎಂದೇ ಬರೆಯುತ್ತೇವೆ. ಮೂಲದಲ್ಲಿ ಎರಡೂ ಒಂದೇ ಸಾಲಿನಲ್ಲಿವೆ. ದಯವಿಟ್ಟು ಬೇಗ ತಿಳಿಸಿ.

ಉತ್ತರ 1

‘ಆಂತ್ರ ವಿಷಾಣು’. ಕರುಳೆಂಬ ಅರ್ಥದ ಗ್ರೀಕಿನ ಎಂಟೆರಾನ್, ಸಂಸ್ಕೃತದ ಆಂತ್ರ ಒಂದೇ ಬೇರಿನವು. ಲ್ಯಾಟಿನ್ನಿನ ವೀರುಸ್, ನಮ್ಮ ವಿಷ ಕೂಡ ಹಾಗೆಯೇ. ಎರಡು ತುಂಡಿಗೂ ಸೋದರಪದ ಸಿಕ್ಕಿರುವಾಗ ಹುಡುಕಾಟವೇಕೆ? ‘ವೈರಾಣು’ ಬರಿಯ ಬೆರಕೆ. ಅದು ವೈರಸ್ಸಿನ ತುಂಡೋ ಹಗೆಯೆಂಬ ವೈರವೋ, ಬಳಸುವವರಿಗೇ ತಿಳಿಯದು.

ಉತ್ತರ 2

ಸಂಸ್ಕೃತದ ಬೇರು ತೋರಿಸಿದರೆ ಕನ್ನಡವಾಗುವುದಿಲ್ಲ. ನಂಜು ನಮ್ಮದು. ‘ಕರುಳು ನಂಜುಳ’ ಎನ್ನಿ. ನಾಲಿಗೆ ತೊಡರದು.

ಉತ್ತರ 3

ಎರಡೂ ಬೇಡ. ನಿಮ್ಮಿಬ್ಬರ ಜಗಳವೂ ಕರುಳಿನ ಸುತ್ತ. ಕಾಯಿಲೆ ಇರುವುದು ಎದೆಯಲ್ಲಿ.

ಈ ಕುಲಕ್ಕೆ ಕರುಳಿನ ಹೆಸರು ಅಂಟಿದ್ದು ಪೋಲಿಯೋ ವೈರಸ್ಸಿನಂಥವು ಅಲ್ಲಿ ಬೆಳೆಯುತ್ತವೆ ಎಂಬ ಕಾರಣಕ್ಕೆ. ಡಿ68 ಹಾಗಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದು ಮೊದಲು ಸಿಕ್ಕಿದ್ದೇ ನ್ಯುಮೋನಿಯಾ, ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಕಿರುನಾಳಗಳ ಉರಿಯೂತ) ಆಗಿದ್ದ ಮಕ್ಕಳಲ್ಲಿ. ಜಠರದ ಆಮ್ಲವನ್ನು ಅದು ತಾಳದು. ಮೈಯೊಳಗಿನ 37 ಡಿಗ್ರಿ ಸೆಲ್ಸಿಯಸ್‌ಗಿಂತ ಮೂಗಿನೊಳಗಿನ 33 ಡಿಗ್ರಿಯ ತಂಪೇ ಅದಕ್ಕೆ ಹಿತ. ಗುಣ ಎಷ್ಟು ನೆಗಡಿಯದೆಂದರೆ, ನೆಗಡಿ ತರುವ ರೈನೋವೈರಸ್‌ಗಳ ಸಾಲಿನಲ್ಲಿ ‘ರೈನೋವೈರಸ್ 87’ ಎಂದು ಎಣಿಸಿಟ್ಟಿದ್ದ ತಳಿ ಇದೇ ಎಂದು ಆಮೇಲೆ ತಿಳಿಯಿತು. 2014ರ ಆಗಸ್ಟ್‌ನಿಂದ 2015ರ ಜನವರಿಯವರೆಗೆ ಅಮೆರಿಕದಲ್ಲಿ 1,395 ಮಂದಿಗೆ ತಗುಲಿದ್ದು ದೃಢಪಟ್ಟಿತು. ಬಹುತೇಕ ಎಲ್ಲರೂ ಮಕ್ಕಳು, ಅನೇಕರಿಗೆ ಮೊದಲೇ ಉಬ್ಬಸವಿತ್ತು. ಫಲಕದಲ್ಲಿ ಕರುಳು ಎಂದು ಬರೆದರೆ ತಾಯಿ ಮಗುವಿನ ಹೊಟ್ಟೆ ಮುಟ್ಟಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾಳೆ.

‘ಅಕ್ಯೂಟ್’ ಕಾಲದ ಮಾತು, ‘ಸಿವಿಯರ್’ ಬಲದ ಮಾತು. ಮೊದಲನೆಯದಕ್ಕೆ ‘ಹಠಾತ್’, ಎರಡನೆಯದಕ್ಕೆ ‘ತೀವ್ರ’. ಹೀಗೆ ಬರೆಯಿರಿ:

‘ಎಂಟೆರೋವೈರಸ್ ಡಿ68: ಮಕ್ಕಳಿಗೆ ಹಠಾತ್ತನೆ ಬರುವ ತೀವ್ರ ಉಸಿರಾಟದ ಸೋಂಕು. ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದರೆ, ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು ಬಂದರೆ, ತುಟಿ ನೀಲಿಗಟ್ಟಿದರೆ, ಕೈಕಾಲಿನ ಕಸುವು ಇದ್ದಕ್ಕಿದ್ದಂತೆ ಕುಗ್ಗಿದರೆ ಕೂಡಲೇ ವೈದ್ಯರಿಗೆ ತೋರಿಸಿ.’

ಕೊನೆಯದು ಅಪರೂಪ, ಆದರೆ ಬಿಡಬೇಡಿ. ಈ ಸೋಂಕಿನ ಬೆನ್ನಿಗೆ ಕೆಲವು ಮಕ್ಕಳ ಬೆನ್ನುಹುರಿಗೆ ಪೆಟ್ಟು ಬೀಳುತ್ತದೆ. ಅದಕ್ಕೆ ‘ಪೋಲಿಯೋ’ ಎಂದಾಗಲಿ ‘ಲಕ್ವ’ ಎಂದಾಗಲಿ ಬರೆಯಬೇಡಿ. ಪೋಲಿಯೋ ಎಂದರೆ ಲಸಿಕೆ ಹಾಕಿಸಿದ್ದೇವಲ್ಲ ಎಂದು ಜನ ಸುಮ್ಮನಾಗುತ್ತಾರೆ. ಡಿ68ಕ್ಕೆ ಲಸಿಕೆ ಇಲ್ಲ.

ಉತ್ತರ 2

ಹಾಗಾದರೆ ಪದ ಕಟ್ಟುವ ಕೆಲಸವನ್ನೇ ಬಿಡೋಣವೇ? ಎಲ್ಲವನ್ನೂ ಎರವಲು ತಂದರೆ ವಿಜ್ಞಾನಕ್ಕೆ ಕನ್ನಡ ಬರಿಯ ವಿಭಕ್ತಿ ಪ್ರತ್ಯಯ ಒದಗಿಸುವ ನುಡಿಯಾಗುತ್ತದೆ.

ಉತ್ತರ 3

ಕಟ್ಟಿ. ಪಠ್ಯಪುಸ್ತಕದಲ್ಲಿ ಕಟ್ಟಿ, ಕಲಿಸಿ, ಊರಿಸಿ. ಗಾಬರಿಯಲ್ಲಿರುವ ತಂದೆತಾಯಿಯ ಮೇಲೆ ಹೊಸ ಪದ ಪರೀಕ್ಷಿಸಬೇಡಿ. ಪೋಲಿಯೋ ಎಂಬುದರ ಮೂಲ ಗ್ರೀಕಿನ ‘ಬೂದು ಬಣ್ಣ’. ಯಾರೂ ಅದನ್ನು ಕನ್ನಡಿಸಲು ಕಾಯದೆ ‘ಪೋಲಿಯೋ ಹನಿ’ ಎಂದರು. ಏನು ಮಾಡಬೇಕೆಂದು ತಿಳಿಸುವ ಪದ ‘ಹನಿ’, ಅದು ಕನ್ನಡದಲ್ಲಿತ್ತು. ಇಲ್ಲಿಯೂ ಪಕ್ಕೆ, ಉಸಿರು, ಕಸುವು ಕನ್ನಡದಲ್ಲಿವೆ.

ಉತ್ತರ 1

‘ಆಂತ್ರ’ವನ್ನು ಆವರಣದಲ್ಲಾದರೂ ಕೊಡಬಹುದು.

ಉತ್ತರ 3

ಬೇಡ.

ಪ್ರಶ್ನೆ ಕೇಳಿದವರು

ಉತ್ತರ 3ರ ಸಾಲುಗಳನ್ನೇ ತೆಗೆದುಕೊಂಡಿದ್ದೇನೆ. ಕೆಳಗೆ ‘ಸ್ಯಾನಿಟೈಸರ್ ಬಳಸಿ’ ಎಂದಿದೆ, ಸರಿಯೇ?

ಉತ್ತರ 3

ತೆಗೆದುಹಾಕಿ. ಈ ವೈರಸ್ಸಿಗೆ ಕೊಬ್ಬಿನ ಹೊರಪೊರೆ ಇಲ್ಲ, ಆಲ್ಕೋಹಾಲನ್ನು ನೆಚ್ಚಿಕೊಳ್ಳುವಂತಿಲ್ಲ. ‘ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ’ ಎಂದು ಹಾಕಿ, ದೊಡ್ಡ ಅಕ್ಷರದಲ್ಲಿ.