ಪ್ರೋಟೀನ್ ಸ್ಕಿಮ್ಮರ್ ಉಕ್ಕದಂತೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಹವಳಪ್ರಿಯ, ಮೈಸೂರು

ಸಂಪ್ (ಕೆಳಗಿನ ಕ್ಯಾಬಿನೆಟ್ಟಿನಲ್ಲಿರುವ ಸಣ್ಣ ತೊಟ್ಟಿ) ಸೇರಿ ಒಟ್ಟು 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ನಮ್ಮದು. ಒಂದು ಜೋಡಿ ಕ್ಲೌನ್ ಮೀನು, ಕೆಲವು ಮೃದು ಹವಳ ಇವೆ. ನೀರಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ಮೇಲಿನ ಕಪ್ಪಿಗೆ ತುಂಬುವ ಪ್ರೋಟೀನ್ ಸ್ಕಿಮ್ಮರ್ ಸಂಪ್‌ನೊಳಗಿದೆ. ಅದರ ಕಪ್ಪಿನಿಂದ ಒಂದು ಕೊಳವೆ ಹೊರಗಿಟ್ಟ ಡಬ್ಬಕ್ಕೆ ಹೋಗುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಡಬ್ಬ ತುಂಬಿ ನೀರು ನೆಲಕ್ಕೆ ಹರಿಯುತ್ತದೆ. ಕ್ಯಾಬಿನೆಟ್ಟಿನ ಪ್ಲೈವುಡ್ ಊದಿಕೊಂಡಿದೆ. ಪಂಪ್‌ಗಳನ್ನು ತಾನೇ ನಿಯಂತ್ರಿಸುವ ಕಂಟ್ರೋಲರ್ ಕೊಳ್ಳುವಷ್ಟು ಹಣ ಈಗ ಇಲ್ಲ. ಬೇರೆ ದಾರಿ ಇದೆಯೇ?

ಉಪ್ಪುನೀರು, ಮಂಗಳೂರು

ಮೊದಲು ಆ ಕೊಳವೆಯನ್ನು ತೆಗೆದು ಕಪ್ಪಿನ ತೂತನ್ನು ಬಿಗಿಯಾಗಿ ಮುಚ್ಚಿ. ಇದಕ್ಕೆ ಒಂದು ಪೈಸೆಯೂ ಬೇಡ. ಕಪ್ ತುಂಬಿ ಉಕ್ಕಿದರೂ ನೀರು ಸಂಪ್‌ಗೇ ಬೀಳುತ್ತದೆ. ಕೊಳೆ ಮರಳಿ ನೀರಿಗೆ ಸೇರುವುದು ನಿಜ, ಆದರೆ ಉಪ್ಪು ಹೊರಗೆ ಹೋಗುವುದಿಲ್ಲ. ನನಗೆ ಪ್ಲೈವುಡ್‌ಗಿಂತ ಉಪ್ಪಿನ ನಷ್ಟವೇ ದೊಡ್ಡ ಚಿಂತೆ. ನಿಮ್ಮ 200 ಲೀಟರಿನಲ್ಲಿ 10 ಲೀಟರ್ ಹೊರಗೆ ಹರಿದು, ಆ ಜಾಗವನ್ನು ಆಟೋ ಟಾಪ್‌ಆಫ್ (ಆವಿಯಾದ ನೀರನ್ನು ತಾನೇ ತುಂಬುವ ಸಾಧನ) ಸಿಹಿನೀರಿನಿಂದ ತುಂಬಿದರೆ, ಲೀಟರಿಗೆ 35 ಗ್ರಾಂ ಇದ್ದ ಲವಣಾಂಶ 33ರ ಆಸುಪಾಸಿಗೆ ಇಳಿಯುತ್ತದೆ. ಪದೇ ಪದೇ ಹೀಗಾದರೆ ಹವಳ ತಾಳುವುದಿಲ್ಲ.

ಇನ್ನು ಉಕ್ಕುವುದೇಕೆ ಎಂದರೆ, ಕರೆಂಟ್ ಹೋದಾಗ ಮೇಲಿನ ತೊಟ್ಟಿಯ ನೀರು ರಿಟರ್ನ್ ಪೈಪಿನಲ್ಲಿ (ಸಂಪ್‌ನಿಂದ ನೀರನ್ನು ಮೇಲಕ್ಕೆ ಒಯ್ಯುವ ಪೈಪು) ಹಿಮ್ಮುಖವಾಗಿ ಇಳಿದು ಸಂಪ್‌ನ ಮಟ್ಟ ಏರುತ್ತದೆ. ಕರೆಂಟ್ ಬಂದ ಕೂಡಲೇ ಸ್ಕಿಮ್ಮರ್ ಆ ಆಳದಲ್ಲೇ ಓಡತೊಡಗುತ್ತದೆ. ನೊರೆ ನಿಲ್ಲಬೇಕಾದ ಕತ್ತಿನವರೆಗೆ ನೀರೇ ಏರಿಬಿಡುತ್ತದೆ. ರಿಟರ್ನ್ ಪೈಪಿನ ಬಾಯಿಯನ್ನು ನೀರಿನ ಮೇಲ್ಮೈಗೆ ತೀರಾ ಹತ್ತಿರ ತನ್ನಿ. ಆಗ ಬೇಗ ಗಾಳಿ ನುಗ್ಗಿ ಇಳಿತ ನಿಲ್ಲುತ್ತದೆ. ಗಾಳಿ ನುಗ್ಗಲೆಂದು ಪೈಪಿಗೆ ಸಣ್ಣ ತೂತು ಕೊರೆಯುವವರೂ ಇದ್ದಾರೆ. ಪಾಚಿ ಕಟ್ಟಿಕೊಳ್ಳುವ ಆ ತೂತನ್ನು ನಾನು ನಂಬುವುದಿಲ್ಲ.

ಸ್ಕಿಮ್ಮರ್ ಒಂದನ್ನೇ ತಡವಾಗಿ ಶುರು ಮಾಡಿಸಲು ಫ್ರಿಜ್ಜಿನ ಹಳೆಯ ಸ್ಟೆಬಿಲೈಸರ್ ಸಾಕು. ಟೈಮ್ ಡಿಲೇ ಇರುವಂಥದ್ದಾದರೆ ಕರೆಂಟ್ ಬಂದು ಕೆಲವು ನಿಮಿಷಗಳಾದ ಮೇಲೆಯೇ ಹೊರಗೆ ಬಿಡುತ್ತದೆ. ಅಷ್ಟರಲ್ಲಿ ರಿಟರ್ನ್ ಪಂಪ್ ನೀರನ್ನು ಮೇಲಕ್ಕೆ ಕಳುಹಿಸಿರುತ್ತದೆ.

ವೈರ್‌ಮನ್, ಹುಬ್ಬಳ್ಳಿ

ಸ್ಟೆಬಿಲೈಸರಿನ ಉಪಾಯ ಒಳ್ಳೆಯದು. ಡಬ್ಬ ಇಟ್ಟುಕೊಳ್ಳಲೇಬೇಕು ಎನ್ನುವವರು ಅದರೊಳಗೆ ಫ್ಲೋಟ್ ಸ್ವಿಚ್ (ನೀರಿನ ಜೊತೆ ತೇಲಿ ಏರಿದಾಗ ಬದಲಾಗುವ ಸ್ವಿಚ್) ಹಾಕಿ, ಡಬ್ಬ ತುಂಬುವ ಮೊದಲೇ ಸ್ಕಿಮ್ಮರ್ ಪಂಪ್ ನಿಲ್ಲುವಂತೆ ಮಾಡಬಹುದು. ಆದರೆ ದಯವಿಟ್ಟು 230 ವೋಲ್ಟನ್ನು ಆ ಪುಟ್ಟ ಸ್ವಿಚ್ಚಿನ ಮೂಲಕ ಹಾಯಿಸಬೇಡಿ. 12 ವೋಲ್ಟ್ ಅಡಾಪ್ಟರ್, ನಡುವೆ ಒಂದು ರಿಲೇ (ಕಡಿಮೆ ವೋಲ್ಟಿನಿಂದ 230 ವೋಲ್ಟನ್ನು ಆನ್-ಆಫ್ ಮಾಡುವ ಸ್ವಿಚ್) ಇರಲಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಜೀವದ ಪ್ರಶ್ನೆ. ಪ್ರತಿ ತಂತಿಯೂ ಪ್ಲಗ್‌ಗೆ ಬರುವ ಮೊದಲು ಕೆಳಕ್ಕೆ ಜೋತು ಮೇಲೇರಲಿ, ಹನಿ ಅಲ್ಲಿಯೇ ಉದುರಿಹೋಗುತ್ತದೆ.

ಹವಳಪ್ರಿಯ, ಮೈಸೂರು

ತೂತು ಮುಚ್ಚಿದೆ, ಸ್ಟೆಬಿಲೈಸರ್ ಅತ್ತೆಯವರ ಮನೆಯಲ್ಲಿದೆ, ತರಿಸುತ್ತೇನೆ. ಇನ್ನೊಂದು ಸಂಶಯ: ಹವಳವನ್ನು ಎಪಾಕ್ಸಿ ಪುಟ್ಟಿಯಿಂದ ಕಲ್ಲಿಗೆ ಅಂಟಿಸಿದ ದಿನ ಕರೆಂಟ್ ಹೋಗದೆಯೂ ಉಕ್ಕಿತ್ತು. ಅದೇಕೆ?

ಉಪ್ಪುನೀರು, ಮಂಗಳೂರು

ಅದು ಪುಟ್ಟಿಯದೇ ಕೆಲಸ. ನೀರನ್ನು ಹದಗೊಳಿಸುವ ಕೆಲವು ದ್ರಾವಣಗಳೂ ಹೀಗೆಯೇ ನೊರೆ ಕೆರಳಿಸುತ್ತವೆ. ಅಂಥ ದಿನ ಸ್ಕಿಮ್ಮರನ್ನು ನಿಲ್ಲಿಸಿ, ಮೀನಿಗೆ ಉಸಿರು ಸಿಗುವಂತೆ ಏರ್‌ಪಂಪ್ ಹಾಕಿ. ಮರುದಿನ ಶುರು ಮಾಡಿ, ನೊರೆ ಇನ್ನೂ ಏರುತ್ತಿದ್ದರೆ ಅಡಿಗೆ ಪಿವಿಸಿ ಪೈಪಿನ ತುಂಡುಗಳನ್ನಿಟ್ಟು ಸ್ಕಿಮ್ಮರನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸಿ. ಇಟ್ಟಿಗೆ, ಸಿಮೆಂಟ್ ತುಂಡು ಮಾತ್ರ ಬೇಡ.